ಡಿಗ್ರಿ ಕಿಟಕಿ ಕೊಡತದೇನು?

"ಕುರಿ ಕಾಯೋರ ಮನಿಗೆ ಡಿಗ್ರಿ ಬರಂಗಿಲ್ಲ, ಅದು ಆಗೂ ಮಾತಲ್ಲ" ಎಂದವರು ನಮ್ಮ ಸೋದರಮಾವ, ನೀರಮಾನ್ವಿಯ ಅಮರಪ್ಪ ಮಾವ. ಕೆಟ್ಟವರೇನಲ್ಲ. ಇವತ್ತು ಮಳೆ ಬರಲಿಕ್ಕಿಲ್ಲ ಅನ್ನುವಷ್ಟೇ ತಣ್ಣಗೆ ಹೇಳಿದ್ದರು. ಅಪ್ಪ ಕುರಿ ಹಿಂಡಿನ ಹಿಂದೆ ಹೋದರೆ ತಿಂಗಳುಗಟ್ಟಲೆ ಊರ ಕಡೆ ಮುಖ ಹಾಕುತ್ತಿರಲಿಲ್ಲ. ಹೀಗಾಗಿ ದೇವದುರ್ಗದ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಮಾವನ ಮಾತೇ.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ. ಪಾರ್ಸೆಲ್ಲಿನವರು ಫೋನ್ ಮಾಡಿ, "ಮೇಡಂ, ಮನ್ಯಾಗ ರಿಸೀವ್ ಮಾಡ್ತೀರೋ, ಆಫೀಸಿಗೆ ಬಂದು ಕಲೆಕ್ಟ್ ಮಾಡ್ಕೊಂತೀರೋ?" ಎಂದರು. ಬಂದಿದ್ದು ಮಿಕ್ಸರಿನ ಜಾರು, ಯಾವುದಾದರೇನು? ಆದರೆ ನಾನು ನಗುತ್ತ ನಿಂತೆ. ನಗುವುದಕ್ಕೆ ಕಾರಣ ಅದ, ಕೇಳ್ರಿ.

ರಿಸೀವ್, ಕಲೆಕ್ಟ್ ಎಂಬ ಈ ಎರಡು ಇಂಗ್ಲಿಷ್ ಮಾತುಗಳ ವ್ಯತ್ಯಾಸ ಬರೆಯಿರಿ ಎಂದು ಬಿ.ಎ. ಮೊದಲ ವರ್ಷ ಒಂದು ಟೆಸ್ಟಿನಲ್ಲಿ ಕೇಳಿದ್ದರು. ನಮ್ಮ ಮನೆಯಲ್ಲಿ ಎರಡಕ್ಕೂ 'ತಗೊಳ್ಳಾದು' ಅಂತಲೇ ಅನ್ನುತ್ತಾರೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ನನಗೆ ಗೊತ್ತಿದ್ದನ್ನೇ ಬರೆದೆ: ಅವ್ವ ತವರಿನಿಂದ ಸೀರೆ ರಿಸೀವ್ ಮಾಡುತ್ತಾಳೆ, ಕುರಿದೊಡ್ಡಿಯಲ್ಲಿ ಹಿಕ್ಕೆ ಕಲೆಕ್ಟ್ ಮಾಡುತ್ತಾಳೆ. ಒಂದಕ್ಕೆ ಕೊಡುವವರು ಬೇಕು, ಇನ್ನೊಂದಕ್ಕೆ ಬಗ್ಗುವ ಸೊಂಟ ಸಾಕು. ಸರ್ ಪೂರಾ ಮಾರ್ಕ್ಸ್ ಕೊಟ್ಟು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಆ ವರ್ಷವಿಡೀ ನನ್ನ ಹೆಸರು ಹಿಕ್ಕಿ ಮೇಡಂ. ಇಂಗ್ಲಿಷಿನಲ್ಲಿ ನನಗೆ ಪೂರಾ ಮಾರ್ಕ್ಸ್ ಬಂದದ್ದು ಅದೊಂದಕ್ಕೇ. ಉಳಿದ ಪ್ರಶ್ನೆಗಳ ದೆಸೆಯಿಂದ ಪರೀಕ್ಷೆಯನ್ನೇ ಮತ್ತೆ ಮತ್ತೆ ಬರೆಯಬೇಕಾಯಿತು. ಅಂತೂ ಪಾಸಾದೆ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದ ಮೊದಲನೆಯವಳು ನಾನು. ಹೆಮ್ಮೆ ಅದ, ಮುಚ್ಚಿಡೋದಿಲ್ಲ.

ಸರ್ಟಿಫಿಕೇಟ್ ಬಂದಿದೆ, ರಾಯಚೂರಿನಲ್ಲಿ ಕಲೆಕ್ಟ್ ಮಾಡಿಕೊಳ್ಳಿ ಎಂದು ಮೆಸೇಜ್ ಬಂದ ದಿನವೇ ಮಾವ ಮನೆಗೆ ಬಂದರು. "ಸೋಮವಾರ ಸಿಂಧನೂರು ಕಡೆಯವ್ರು ನಿಂಗಿನ್ನ ನೋಡಾಕ ಬರ್ತಾರ" ಎಂದರು. ನಿಂಗಿ ನನ್ನ ತಂಗಿ. ಪಿಯುಸಿ ಮುಗಿಸಿ, ಕಾಲೇಜು ಸೇರುವ ಆಸೆಯಲ್ಲಿ ಊಟ ಬಿಟ್ಟು ಕೂತಿದ್ದಳು.

ಅವ್ವ ಧೈರ್ಯ ಮಾಡಿದಳು. "ಯಣ್ಣಾ, ದೊಡ್ಡಾಕಿ ಡಿಗ್ರಿ ಮುಗಿಸ್ಯಾಳ. ಸಣ್ಣಾಕೀನೂ ಓದ್ಲಿ."

"ಎಲ್ಲಿ ಅದ ಡಿಗ್ರಿ? ಕೊಡಾದು ನನ್ನ ಕಣ್ಲೆ ನೋಡ್ತೀನಿ. ಕೊಟ್ರಂದ್ರ ಸಿಂಧನೂರಿನವ್ರಿಗೆ ಬ್ಯಾಡ ಅಂತೀನಿ."

ಮರುದಿನ ಮಾವ ಹೆಗಲಿಗೆ ಕಂಬಳಿ ಹಾಕಿಕೊಂಡು ನನ್ನನ್ನೂ ನಿಂಗಿಯನ್ನೂ ಬಸ್ಸು ಹತ್ತಿಸಿದರು.

"ಸ್ಟೇಜಿನ ಮ್ಯಾಲೆ ಕೊಡ್ತಾರೇನು?"

"ಸ್ಟೇಜು ಮೆಡಲ್ ಬಂದವ್ರಿಗೆ, ಮಾವ. ನಮ್ಮಂಥವ್ರಿಗೆ ಕಿಟಕಿ."

"ಕಿಟಕಿ ಡಿಗ್ರಿ ಕೊಡತದೇನು?"

"ಕೊಡಂಗಿಲ್ಲ. ನಾವೇ ಕಲೆಕ್ಟ್ ಮಾಡ್ಕಬೇಕು."

"ಹಂಗಂದ್ರ?"

ಓದಿದ ಸೊಕ್ಕು ನೋಡ್ರಿ, ಸುಮ್ಮನಿರಲಾಗಲಿಲ್ಲ. "ಅವ್ವ ಹಿಕ್ಕಿ ಬಳೀತಾಳಲ್ಲ, ಹಂಗ."

ಗಬ್ಬೂರು ದಾಟುವಾಗ ಮಾವ ಹೆಗಲ ಕಂಬಳಿ ಸರಿಮಾಡಿಕೊಂಡರು. ಆಮೇಲೆ ಹೇಳಿದರು: "ಕೈಲೆ ತಗೊಂಡಿದ್ದು ಸಂತಿ. ಕೊಟ್ಟಿದ್ದು ಮರ್ಯಾದಿ. ಬಳಕೊಂಡು ಬಂದ ಡಿಗ್ರಿ ನಾ ಲೆಕ್ಕಕ್ಕ ಹಿಡಿಯಂಗಿಲ್ಲ."

ನಿಂಗಿ ನನ್ನ ತೊಡೆ ಚಿವುಟಿದಳು. ಅವಳ ಕಣ್ಣಲ್ಲಿ ನೀರಿತ್ತು. ಒಂದು ಮಾತಿನ ಅರ್ಥ ಸರಿಯಾಗಿ ಬಿಡಿಸಿ ಹೇಳಿ ನಾನು ತಂಗಿಯ ಲಗ್ನ ಗಟ್ಟಿ ಮಾಡಿದ್ದೆ.

ರಾಯಚೂರಿನ ಯೂನಿವರ್ಸಿಟಿ ಆಫೀಸಿನ ಕಿಟಕಿ ಎದೆಯೆತ್ತರಕ್ಕಿತ್ತು, ಕೈ ತೂರುವಷ್ಟು ಕಿಂಡಿ. ನನ್ನ ಸರದಿ ಬಂದಾಗ ಮಾವ ಕಿಟಕಿಯ ಕೆಳಗೇ ಕಂಬಳಿ ಹಾಸಿದರು. ನಮ್ಮಲ್ಲಿ ಆಯೇರಿ, ಅಂದರೆ ಶುಭಕಾರ್ಯದ ಉಡುಗೊರೆ, ತಗೊಳ್ಳುವವರು ಕಂಬಳಿ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂಡಬೇಕು, ಕೊಡುವ ಹಿರಿಯರು ಅದನ್ನು ಉಡಿಗೆ ಹಾಕಬೇಕು. ಆದರೆ ಆ ಕಿಟಕಿ ಇದ್ದದ್ದು ಪಡುವಣಕ್ಕೆ. ನಾನು ಡಿಗ್ರಿಗೆ ಬೆನ್ನು ಮಾಡಿ ಕೂತೆ.

ಒಳಗಿದ್ದ ಶಬಾನಾ ಮೇಡಂ ನನ್ನ ಹೆಸರು ಕೂಗಿ ಕಿಂಡಿಯಿಂದ ಕೈ ಹೊರಗೆ ಹಾಕಿದರು. ಅವರಿಗೆ ಯಾರೂ ಕಾಣಲಿಲ್ಲ.

"ಅರೇ, ಎಲ್ಲಿ ಹೋದ್ರಿ?"

"ಇಲ್ಲೇ ಅದೀನ್ರಿ, ಕೆಳಗ."

"ಕೆಳಗ್ಯಾಕ? ಚಕ್ಕರ್ ಬಂತೇನು?"

"ಡಿಗ್ರಿ ತಗೊಳ್ಳಾಕ ಕುಂತಾಳ್ರಿ" ಎಂದರು ಮಾವ. "ನೀವು ಹೊರಗ ಬಂದು ಕೊಡ್ರಿ."

"ಚಾಚಾ, ಇಲ್ಲಿ ಕೊಡಾದು ಗಿಡಾದು ಇಲ್ಲ. ಸಹಿ ಮಾಡಾದು, ತಗೊಂಡು ಹೋಗಾದು. ಹಿಂದ ಪಾಳಿ ನೋಡ್ರಿ!"

ಪಾಳಿಯಲ್ಲಿ ಯಾರೋ, "ಲೇ, ಯಾವ ದೇವ್ರಲೇ ಇದು?" ಎಂದರು. ಇನ್ನೊಬ್ಬ, ಇರಲಿ ಎಂದು, ಚಪ್ಪಲಿ ಬಿಟ್ಟು ಕೈ ಮುಗಿದ. ನಾಚಿಕೆಯಿಂದ ಏಳಬೇಕೆಂದುಕೊಂಡೆ. ಎದುರಿಗೆ ನಿಂಗಿ ನಿಂತಿದ್ದಳು. ಏಳಲಿಲ್ಲ.

ಗೋಡೆಗೆ ಬೆನ್ನು ಕೊಟ್ಟೇ ಕೂಗಿದೆ: "ಮೇಡಂ, ನೀವು ಕೊಟ್ರ ನನ್ನ ತಂಗಿ ಕಾಲೇಜಿಗೆ ಹೋಗ್ತಾಳ. ನಾನೇ ತಗೊಂಡ್ರ ಸೋಮವಾರ ಇಕಿನ್ನ ನೋಡಾಕ ಬರ್ತಾರ."

ಮೇಲಿನ ಕೈ ಒಳಗೆ ಹೋಯಿತು. ಕಿಂಡಿಯಲ್ಲಿ ಎರಡು ಕಣ್ಣು ಬಂದು ನಿಂಗಿಯನ್ನು ನೋಡಿದವು.

"ನನ್ನ ಡಿಗ್ರಿ ಪೋಸ್ಟಿನ್ಯಾಗ ಬಂತು, ಚಾಚಾ. ನಾ ಮನ್ಯಾಗಿದ್ದಿಲ್ಲ. ಬಾಜೂ ಮನಿಯವ್ರು ಸಹಿ ಮಾಡಿ, ಅಕ್ಕಿ ಡಬ್ಬಿ ಮ್ಯಾಲಿಟ್ಟು, ನನಗ ಹೇಳಾದೇ ಮರ್ತಿದ್ರು" ಎಂದು ಒಳಗಿನಿಂದಲೇ ಹೇಳಿ ಬಾಗಿಲು ತೆಗೆದು ಹೊರಗೆ ಬಂದರು.

ಮಾವ ಅಡ್ಡ ನಿಂತರು. "ಕೊಡೋರು ಹಿರೇರಿರಬೇಕ್ರಿ. ನೀವು ಸಣ್ಣೋರು."

"ನಾ ಸಣ್ಣಾಕಿ, ಸೀಲು ಹಿರೇದದ. ಸರೀರಿ."

ದುಪಟ್ಟಾ ತಲೆ ಮೇಲೆ ಎಳೆದುಕೊಂಡು, ಎರಡೂ ಕೈಯಿಂದ ಸರ್ಟಿಫಿಕೇಟನ್ನು ನನ್ನ ಉಡಿಗೆ ಹಾಕಿದರು. ಪಾಳಿಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಹಿಂದಿದ್ದ ಹುಡುಗಿ, "ನಾನೂ ಕೂಡ್ಲೇನ್ರಿ?" ಎಂದು ಕಂಬಳಿಯ ತುದಿ ಹಿಡಿದಳು.

ಮಾವ ಅಲ್ಲೇ ನಿಂತು ಸಿಂಧನೂರಿಗೆ ಫೋನ್ ಹಚ್ಚಿದರು. "ಸೋಮವಾರ ಬರಬ್ಯಾಡ್ರಿ. ಹುಡುಗಿ ಓದಾಕ ಹೊಂಟಾಳ." ಆಮೇಲೆ ನಿಂಗಿಯನ್ನು ಕರೆದು, ಕಾಲೇಜಿನ ಫಾರಂ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

"ಬಸ್ ಸ್ಟ್ಯಾಂಡ್ ಹತ್ರದ ಕಾಲೇಜಿನ್ಯಾಗ, ಮಾವ. ಅಲ್ಲೂ ಕಿಟಕೀನೇ" ಎಂದಳು ನಿಂಗಿ, ಹೆದರುತ್ತ. "ನಾನೂ ಕೆಳಗ ಕೂಡಬೇಕೇನು?"

"ಫಾರಮ್ಮಿಗೆ ಕೊಡೋರ್ಯಾಕ ಬೇಕವ್ವಾ?" ಎಂದರು ಮಾವ. "ನುಗ್ಗಿ ಕಸಗೊಂಡು ಬಾ, ಓಡು."