ದೇವರ ಬೆನ್ನು ತಪ್ಪಿಸಿ ಬಂದ ವೈರು

ಹೊಸ ವೈರಿನ ಸುರುಳಿ ಬಿಚ್ಚಿದಾಗ ಹೊಸ ರೈನ್‌ಕೋಟಿನಂಥ ಒಂದು ವಾಸನೆ ಬರುತ್ತದೆ. ಇವತ್ತು ನನ್ನ ಹೊಸ ಓವನ್ನಿಗೆ ಲೈನ್ ಎಳೆಯಲು ಬಂದ ಎಲೆಕ್ಟ್ರಿಷಿಯನ್ ಪಾಟೀಲರು ಹಿಂದಿನ ಶೆಡ್ಡಿನಲ್ಲಿ ಸುರುಳಿ ಬಿಚ್ಚಿದರು, ನೋಡಿ, ನನಗೆ ಅತ್ತೆಯ ಗ್ರೈಂಡರು ನೆನಪಾಯಿತು.

ಮುಂಬೈ ಹತ್ತಿರದ ಡೊಂಬಿವಲಿ ಎಂಐಡಿಸಿಯ ಈ ಪುಟ್ಟ ಬಂಗಲೆಗೆ ನಾನು ಸೊಸೆಯಾಗಿ ಬಂದ ಹೊಸತು. ಅತ್ತೆ ಉಡುಪಿ ಕಡೆಯವರು. ಅವರ ಇಡ್ಲಿಗೆ ಮರುಳಾದ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ಮಗಳ ಮದುವೆಯ ಬೆಳಗಿನ ತಿಂಡಿಯನ್ನು ಅವರಿಗೇ ಒಪ್ಪಿಸಿದ್ದರು. ಅತ್ತೆಯ ಮೊದಲ ಆರ್ಡರು. ಹೋಟೆಲಿನವರು ಬಳಸುವಂಥ ಗ್ರೈಂಡರು ಶೆಡ್ಡಿಗೆ ಬಂದು ಕೂತಿತು.

ವೈರಿನ ಲೆಕ್ಕ ನನ್ನ ಗಂಡನದು. ಮೋಟರು ಎಳೆಯುವ ಕರೆಂಟನ್ನು ಬಿಸಿಯಾಗದೆ ಹೊರಲು ಒಂದೂವರೆ ಚದರ ಮಿಲಿಮೀಟರಿನ ವೈರು ಸಾಕು ಎಂದರು. ಲೆಕ್ಕ ಸರಿಯೇ. ಆದರೆ ಮೀಟರಿನಿಂದ ಶೆಡ್ಡಿಗೆ ನೆಟ್ಟಗಿನ ದಾರಿಯಲ್ಲಿ ದೇವರಕೋಣೆಯ ಗೋಡೆಯಿತ್ತು.

"ದೇವರ ಬೆನ್ನಿಗೆ ಮೊಳೆ ಹೊಡೀಲಿಕ್ಕೆ ನಾನು ಬಿಡುದಿಲ್ಲ ಮಾರಾಯ," ಎಂದರು ಅತ್ತೆ.

ಸರಿ, ವೈರು ಜಗಲಿ, ಕಂಪೌಂಡು, ಬಚ್ಚಲಿನ ಹಿಂಬದಿ ಎಂದು ಮನೆಗೆ ಮುಕ್ಕಾಲು ಪ್ರದಕ್ಷಿಣೆ ಹಾಕಿತು.

ಮದುವೆಯ ಮುನ್ನಾದಿನ ಸ್ವಿಚ್ಚು ಹಾಕಿದರೆ ಗ್ರೈಂಡರು ಮುನಿದ ಎಮ್ಮೆಯ ಹಾಗೆ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಸಂಜೆಯೊಳಗೆ ರುಬ್ಬದಿದ್ದರೆ ಹಿಟ್ಟು ಹುಳಿಬರುವುದಿಲ್ಲ. ಬಾರದಿದ್ದರೆ ಬೀಗರ ತಟ್ಟೆಗೆ ಕಲ್ಲೇ. ಗಂಡ ಮತ್ತೆ ಲೆಕ್ಕ ಮಾಡಿದರು, ಅದೇ ಉತ್ತರ. ನನ್ನ ಪಾಲಿನ ವಿಜ್ಞಾನವೆಂದರೆ ಗ್ರೈಂಡರಿಗೆ ಎರಡು ಸಲ ತಟ್ಟಿದ್ದು.

ಅತ್ತೆ ನೆನೆದ ಉದ್ದಿನಲ್ಲಿ ಕೈಯಿಟ್ಟುಕೊಂಡೇ ಮಗನನ್ನು ಕೇಳಿದರು: "ಪೈಪು ಉದ್ದ ಆದ್ರೆ ಕೊನೆಯ ಮನೆಗೆ ನೀರು ನೂಲಿನ ಹಾಗೆ ಬರುದಲ್ವಾ? ನೀನು ದಾರಿಯನ್ನು ಲೆಕ್ಕಕ್ಕೆ ಹಿಡಿದಿದ್ದಿಯಾ?"

ಹಿಡಿದಿರಲಿಲ್ಲ. ದಾರಿ ಉದ್ದವಾದಷ್ಟೂ ವೋಲ್ಟೇಜು ಸೋರುತ್ತದೆ, ವೈರು ದಪ್ಪವಾದರೆ ಸೋರಿಕೆ ಕಡಿಮೆ. ಗೋಡೆ ಕೊರೆದಿದ್ದರೆ ಇದ್ದ ವೈರೇ ಸಾಕಿತ್ತು. ಗಂಡ ಆಸೆಯಿಂದ ಆ ಕಡೆ ನೋಡಿದರು. ಅತ್ತೆ ನೋಡಲಿಲ್ಲ. ಸ್ಟೇಷನ್ ಬಳಿಯ ಅಂಗಡಿಯಿಂದ ನಾಲ್ಕರ ದಪ್ಪ ವೈರು ಬಂತು, ಅದೇ ಸುತ್ತುದಾರಿಯಲ್ಲಿ ಕೂತಿತು, ಗ್ರೈಂಡರು ತಿರುಗಿತು. ಮರುದಿನ ಬೀಗರು ತಟ್ಟೆ ಕೆಳಗಿಡಲಿಲ್ಲ.

ಅತ್ತೆ ಈಗಿಲ್ಲ. ದೇವರೂ ಮಹಡಿಗೆ ಹೋಗಿ ಬಹಳ ಕಾಲವಾಯಿತು. ಆ ಗೋಡೆಗೆ ಈಗ ಫ್ರಿಜ್ಜು ಒರಗಿದೆ. ಪಾಟೀಲರು ಡ್ರಿಲ್ ಎತ್ತಿ, "ವಹಿನಿ, ಇಥೂನ್ ಸರಳ್ ನೇಊ ಕಾ?" ಎಂದರು, ಅತ್ತಿಗೆ, ಇಲ್ಲಿಂದಲೇ ನೆಟ್ಟಗೆ ಒಯ್ಯಲೇ ಎಂದು.

ಹೂಂ ಎನ್ನಲು ಬಾಯಿ ತೆರೆದವಳು, ಬೇಡ, ಸುತ್ತಿಕೊಂಡೇ ಬರಲಿ, ದಪ್ಪದ್ದೇ ಹಾಕಿ ಎಂದೆ. ಅವರು ನಕ್ಕು ಅಳತೆಯ ಟೇಪು ತೆಗೆದರು. ಒಂದು ತುದಿ ಹಿಡಿದು ಜಗಲಿ, ಕಂಪೌಂಡು, ಬಚ್ಚಲಿನ ಹಿಂಬದಿ ಸುತ್ತಿ ಬಂದೆ. ಪ್ರದಕ್ಷಿಣೆಗೆ ಹೊರಟವರ ಹಾಗೆ ಚಪ್ಪಲಿ ಜಗಲಿಯಲ್ಲೇ ಬಿಟ್ಟಿದ್ದೆನೆಂದು ಆಮೇಲೆ ತಿಳಿಯಿತು.