ರಂಗಸ್ವಾಮಣ್ಣನ ಕಾಲಿನ ತಪ್ಪು

2023ರ ಕೊನೆಯ ಹೊತ್ತಿಗೆ ರಾಮನಗರದ ಹಳೇ ಮೈಸೂರು ರಸ್ತೆಯಲ್ಲಿ ನಾನು ಸ್ವಂತ ವರ್ಕ್‌ಶಾಪ್ ಇಟ್ಟು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಸೆಂಟರ್‌ನಲ್ಲಿ ಹದಿನೆಂಟು ವರ್ಷ ದುಡಿದೆ, ಹೆಚ್ಚುಪಾಲು ಬ್ರೇಕ್ ವಿಭಾಗದಲ್ಲೇ. ಚನ್ನಪಟ್ಟಣದ ಹೆಣ್ಣುಮಗಳೊಬ್ಬಳು ಆಟೊಮೊಬೈಲ್ ಡಿಪ್ಲೊಮಾ ಓದಿ ಕಾರಿನ ಕೆಳಗೆ ಮಲಗುತ್ತಾಳೆಂದರೆ ಇವತ್ತಿಗೂ ನಂಬದವರಿದ್ದಾರೆ. ಹೊಸ ಗಿರಾಕಿಗಳು ಬಂದು "ಓನರ್ ಇಲ್ವಾ?" ಎಂದು ನನ್ನನ್ನೇ ಕೇಳುತ್ತಿದ್ದರು. "ಒಳಗೆ ಕೂತ್ಕೊಳ್ಳಿ, ಬರ್ತಾರೆ" ಎಂದು ಕಳಿಸಿ, ಕೈ ತೊಳೆದುಕೊಂಡು ನಾನೇ ಹೋಗಿ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದೆ.

ನನ್ನ ವೃತ್ತಿಯಲ್ಲಿ ನನಗೆ ಮೈ ಉರಿಸುವ ಮಾತು ಒಂದಿದೆ. ಗಾಡಿಯಲ್ಲಿ ದೋಷ ಸಿಗದಿದ್ದಾಗ ರಿಪೋರ್ಟಿನ ಕೊನೆಯಲ್ಲಿ "ಡ್ರೈವರ್ ಹ್ಯಾಬಿಟ್" ಎಂದು ಬರೆದು ಕೈ ತೊಳೆದುಕೊಳ್ಳುವುದು. ಅಂದರೆ ಓಡಿಸುವವರ ಚಾಳಿ ಸರಿಯಿಲ್ಲ ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ನೆಲ ನಿಜವಾಗಿ ಡೊಂಕಿರುವಾಗಲೂ ಕುಣಿಯುವವಳನ್ನೇ ಬೈಯುವ ಜನ ನಮ್ಮ ಕಸುಬಿನಲ್ಲಿ ತುಂಬಾ ಇದ್ದಾರೆ.

ಆ ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಅಂಗಳಕ್ಕೆ ಹಳದಿ ಬಣ್ಣದ, ಎರಡೇ ಸೀಟಿನ ಒಂದು ಸ್ಪೋರ್ಟ್ಸ್ ಕಾರು ಬಂತು. ಇಳಿದವರು ಮಾಗಡಿ ತಾಲ್ಲೂಕಿನ ಕಲ್ಯದ ರಂಗಸ್ವಾಮಣ್ಣ. ಐವತ್ತೆಂಟರ ಆಸುಪಾಸಿನ ವಯಸ್ಸು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ರಾಗಿ, ಹುರುಳಿ, ಮಾವು ಬೆಳೆಯುವ ಮನುಷ್ಯನಿಗೆ ಇಂಥ ಕಾರು ಯಾಕೆ ಎಂದು ಊರೆಲ್ಲ ಕೇಳಿ ಆಗಿತ್ತು. ನಾನು ಕೇಳಲಿಲ್ಲ. ದುಡಿಮೆ ಅವರದು, ಆಸೆಯೂ ಅವರದು.

"ಬ್ರೇಕ್ ಕೈಕೊಡ್ತಾ ಐತೆ ಕಣವ್ವ. ಅವ್ರು ನೋಡಿದ್ರೆ ನನ್ ಕಾಲೇ ಸರಿಯಿಲ್ಲ ಅಂತವ್ರೆ," ಎಂದು ಕಂಪನಿಯ ಸರ್ವಿಸ್ ರಿಪೋರ್ಟ್ ಮುಂದೆ ಹಿಡಿದರು. ಕೊನೆಯ ಸಾಲಿನಲ್ಲಿ ನನ್ನ ಆ ಹಳೆಯ ಶತ್ರು ಇತ್ತು: ಡ್ರೈವರ್ ಹ್ಯಾಬಿಟ್.

ಕಾರು ಮಾರಿದ ಕಂಪನಿ ತನ್ನ ಗಿರಾಕಿಗಳಿಗಾಗಿ ಕುದೂರಿನಾಚೆಯ ಒಂದು ಖಾಸಗಿ ಟ್ರ್ಯಾಕ್‌ನಲ್ಲಿ ಆಗಾಗ 'ಟ್ರ್ಯಾಕ್ ಡೇ' ನಡೆಸುತ್ತಿತ್ತು. ಅದು ರೇಸ್ ಅಲ್ಲ. ಅವರವರ ಕಾರನ್ನು ಅವರವರೇ, ರಸ್ತೆಯಲ್ಲಿ ಹೋಗಲಾಗದಷ್ಟು ಜೋರಾಗಿ, ಸುರಕ್ಷಿತ ಜಾಗದಲ್ಲಿ ಓಡಿಸುವ ದಿನ. ಮಳೆಗಾಲದಲ್ಲಿ ರಂಗಸ್ವಾಮಣ್ಣ ಎರಡು ಸಲ ಹೋಗಿ ಸಲೀಸಾಗಿ ಓಡಿಸಿ ಬಂದಿದ್ದರು. ಡಿಸೆಂಬರಿನಲ್ಲಿ ಹೋದಾಗ ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಟ್ಟಿತು. ಕಾರು ತಿರುವು ಬಿಟ್ಟು ಮಣ್ಣಿಗೆ ನುಗ್ಗಿ ನಿಂತಿತು. ಕಂಪನಿಯ ಸರ್ವಿಸ್ ಮ್ಯಾನೇಜರ್ ಮೋಹನ್ ಕಾರನ್ನು ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಹಾಕಿಸಿಕೊಂಡು ಹೋಗಿ, ತೊಳೆಸಿ, ಪರೀಕ್ಷಿಸಿ, ದೋಷವಿಲ್ಲ ಎಂದು ಹಿಂದಿರುಗಿಸಿದ್ದರು. ಇನ್ನೊಮ್ಮೆ ಹೀಗಾದರೆ ಟ್ರ್ಯಾಕ್‌ಗೆ ಬಿಡುವುದಿಲ್ಲ ಎಂದೂ ಹೇಳಿದ್ದರು.

"ಎತ್ತಿನ್ ಗಾಡಿ ಹೊಡ್ದೋರಿಗೆ ಇದೆಲ್ಲ ಒಗ್ಗಲ್ಲ ಅಂತ ಅಲ್ಲಿ ಒಬ್ಬ ನಗಾಡ್ದ," ಎಂದರು ರಂಗಸ್ವಾಮಣ್ಣ. "ಹೊಡ್ದಿವ್ನಿ, ಸುಳ್ಳಲ್ಲ. ಆದ್ರೆ ಎತ್ತಿನ್ ಗಾಡೀನ ಯಾವತ್ತೂ ಹಳ್ಳಕ್ ಬೀಳ್ಸಿಲ್ಲ." ನಗುತ್ತಲೇ ಹೇಳಿದರು, ಆದರೆ ಕಣ್ಣಿನಲ್ಲಿ ನಗುವಿರಲಿಲ್ಲ. ನನಗೆ ಅಲ್ಲೇ ಸಿಟ್ಟು ನೆತ್ತಿಗೇರಿತು.

ಇಲ್ಲಿ ಬ್ರೇಕ್‌ನ ವಿಷಯ ಸ್ವಲ್ಪ ಹೇಳಬೇಕು. ಪೆಡಲ್ ಒತ್ತಿದಾಗ ಆ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಕೊಳವೆಯೊಳಗಿನ ಬ್ರೇಕ್ ಫ್ಲೂಯಿಡ್. ಅದು ಚಕ್ರದ ಬಳಿಯಿರುವ ಕ್ಯಾಲಿಪರ್ ಎಂಬ ಇಕ್ಕಳವನ್ನು ಒತ್ತುತ್ತದೆ, ಕ್ಯಾಲಿಪರ್ ತನ್ನ ಪ್ಯಾಡ್‌ಗಳಿಂದ ತಿರುಗುವ ಡಿಸ್ಕನ್ನು ಅದುಮುತ್ತದೆ. ಅದುಮಿದಷ್ಟೂ ಬಿಸಿ. ಪ್ಯಾಡ್ ಬಿಸಿಯಾಗಿ ಸೋತರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಪೆಡಲ್ಲೇ ಮೆತ್ತಗಾಗಿ ಇಳಿದರೆ ಫ್ಲೂಯಿಡ್ ಕುದಿದು ಆವಿಯಾಗಿದೆ ಎಂದು ಅರ್ಥ. ಆವಿ ಸ್ಪಂಜಿನ ಹಾಗೆ, ಒತ್ತಿದರೆ ಕುಗ್ಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಏನೂ ಆಗದಂತೆ ಗಟ್ಟಿಯಾಗಿ ಕೂರುತ್ತದೆ. ವರ್ಕ್‌ಶಾಪ್ ತಲುಪುವಷ್ಟರಲ್ಲಿ ಕಾಯಿಲೆಯೇ ಇರುವುದಿಲ್ಲ, ವೈದ್ಯರು ರೋಗಿಯನ್ನು ಬೈಯುತ್ತಾರೆ.

ಡಾಟ್-4 ಎಂಬ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಹಳೆಯದಾಗಿ ತೇವ ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯಬಹುದು. ನಾನು ತೇವ ಪರೀಕ್ಷಿಸಿದೆ, ಫ್ಲೂಯಿಡ್ ಹೊಸದಾಗಿಯೇ ಇತ್ತು. ಸೋರಿಕೆಯಿಲ್ಲ, ಹೋಸ್‌ಗಳು ಗಟ್ಟಿ, ಪ್ಯಾಡ್ ದಪ್ಪಗಿವೆ. ಒಂದೇ ಒಂದು ಗುರುತು ಸಿಕ್ಕಿತು: ಮುಂದಿನ ಎಡಚಕ್ರದ ಡಿಸ್ಕ್ ಬಿಸಿಗೆ ನೀಲಿ ತಿರುಗಿತ್ತು, ಅದರ ಕ್ಯಾಲಿಪರ್‌ನ ರಬ್ಬರ್ ಸುಕ್ಕುಗಟ್ಟಿತ್ತು. ಬಲಗಡೆಯದು ಹೊಸ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿತ್ತು.

ಮೋಹನ್ ಅವರಿಗೆ ಫೋನ್ ಮಾಡಿ ಹೇಳಿದೆ. "ಮೇಡಂ, ನಮ್ಮ ಟ್ರ್ಯಾಕ್‌ನಲ್ಲಿ ಬಲ ತಿರುವುಗಳೇ ಜಾಸ್ತಿ, ಭಾರ ಎಡಕ್ಕೆ ಬೀಳುತ್ತೆ. ಎಡಗಡೆ ಬಿಸಿ ಆಗೇ ಆಗುತ್ತೆ," ಎಂದರು.

"ಸ್ವಲ್ಪ ಆಗುತ್ತೆ ಸರ್. ಒಂದು ಸುಟ್ಟು ಇನ್ನೊಂದು ಬೆಚ್ಚಗೂ ಆಗದಷ್ಟು ಅಲ್ಲ. ಕಾಲು ಎರಡೂ ಚಕ್ರಕ್ಕೆ ಒಂದೇ ತಾನೇ? ಎಡಚಕ್ರಕ್ಕೆ ಮಾತ್ರ ಬ್ರೇಕ್ ಒತ್ತೋ ಚಾಳಿ ಯಾರಿಗಾದ್ರೂ ಇರುತ್ತಾ?"

ಮೋಹನ್ ಮೀಟಿಂಗ್ ಇದೆ ಎಂದು ಫೋನ್ ಇಟ್ಟರು.

ಸುಕ್ಕುಗಟ್ಟಿದ ರಬ್ಬರ್ ಬದಲಿಸಿ, ಹೊಸ ಫ್ಲೂಯಿಡ್ ತುಂಬಿಸಿದೆ. ಜನವರಿಯಲ್ಲಿ ಶನಿವಾರ, ಭಾನುವಾರ ಎರಡು ದಿನದ ಟ್ರ್ಯಾಕ್ ಡೇ ಇತ್ತು. ಶನಿವಾರ ಕಾರನ್ನು ನನ್ನ ವರ್ಕ್‌ಶಾಪ್‌ನಿಂದ ನೇರವಾಗಿ ಲಾರಿಯ ಮೇಲೆ ಒಯ್ದೆವು. ರಂಗಸ್ವಾಮಣ್ಣ ದಿನವಿಡೀ ಓಡಿಸಿದರು. ಪ್ರತಿ ಸಲ ಒಳಗೆ ಬಂದಾಗ ನಾನು ಬಿಸಿ ಅಳೆದೆ. ಎಡಗಡೆ ಬಲಕ್ಕಿಂತ ತುಸು ಹೆಚ್ಚು, ಅಷ್ಟೇ. ಪೆಡಲ್ ಕಲ್ಲಿನಂತಿತ್ತು. ಮೋಹನ್ ನಕ್ಕು, "ನೋಡಿ ಮೇಡಂ, ನೀವು ನಿಂತು ನೋಡ್ತಿದ್ರೆ ಹುಷಾರಾಗಿ ಓಡಿಸ್ತಾರೆ," ಎಂದರು.

ಸಂಜೆ ರಂಗಸ್ವಾಮಣ್ಣ ಖುಷಿಯಿಂದ ಕಾರನ್ನು ತಾವೇ ಓಡಿಸಿಕೊಂಡು ಕಲ್ಯಕ್ಕೆ ಹೋದರು. ಮರುದಿನ ನನಗೆ ವರ್ಕ್‌ಶಾಪ್‌ನಲ್ಲಿ ಕೆಲಸವಿತ್ತು, ಹೋಗಲಿಲ್ಲ. ಮಧ್ಯಾಹ್ನಕ್ಕೆ ಮುಂಚೆಯೇ ಅವರ ಫೋನ್ ಬಂತು.

"ಮತ್ತೆ ಇಳ್ದೋಯ್ತು ಕಣವ್ವ. ತಡೆಗೋಡೆ ತಾವ ಹೋಗಿ ನಿಂತೆ. ಒಂದ್ ಗೇಣು ಆಚ್ಗೋಗಿದ್ರೆ ನನ್ ಹೆಂಡ್ತಿ ನಿನ್ಗೆ ಫೋನ್ ಮಾಡೋಳು, ನಾನಲ್ಲ."

ಟ್ರ್ಯಾಕ್ ಡೇ ಪಟ್ಟಿಯಿಂದ ರಂಗಸ್ವಾಮಣ್ಣನ ಹೆಸರು ತೆಗೆದುಹಾಕುವುದಾಗಿ ಮೋಹನ್ ಹೇಳಿದ್ದರು. ಕಾರು ಆಗಲೇ ಮತ್ತೆ ಲಾರಿಯ ಮೇಲಿತ್ತು, ತೊಳೆಯುವ ಕಡೆಗೆ ಹೊರಟಿತ್ತು. ನನಗೆ ಭಯವೂ ಆಯಿತು, ಕೋಪವೂ ಬಂತು. ಈ ಮನುಷ್ಯ ಟ್ರ್ಯಾಕ್ ಬಿಟ್ಟರೂ ಪರವಾಗಿಲ್ಲ, ಜೀವ ಉಳಿದರೆ ಸಾಕು ಎಂದು ಒಂದು ಮನಸ್ಸು. ತನ್ನದಲ್ಲದ ತಪ್ಪನ್ನು ಹೊತ್ತುಕೊಂಡು ತಲೆ ತಗ್ಗಿಸಿ ಮನೆಗೆ ಹೋಗಬೇಕೆ ಎಂದು ಇನ್ನೊಂದು.

"ಬೇರೆ ಏನಾದ್ರೂ ಆಯ್ತಾ ರಂಗಸ್ವಾಮಣ್ಣ? ಸದ್ದು, ವಾಸನೆ?"

"ವಾಸ್ನೆ ಬಂತು. ಹುರುಳಿ ಹುರ್ದಂಗೆ. ಅದ್ನ ಹೇಳಿದ್ಕೆ ಆ ಮೋಹನಪ್ಪ, ಹೊಟ್ಟೆ ಹಸ್ದೈತಾ ಯಜಮಾನ್ರೆ ಅಂತ ಕೇಳ್ದ."

ನಾನು ನಗಲಿಲ್ಲ. ಪ್ಯಾಡ್ ಸುಟ್ಟರೆ ಬರುವ ವಾಸನೆ ಬೇರೆ, ಮೂಗಿಗೆ ಚುಚ್ಚುವಂಥದ್ದು. ಹುರುಳಿ ಬೆಳೆಯುವವನಿಗೆ ಹುರುಳಿಯ ವಾಸನೆ ತಪ್ಪುವುದಿಲ್ಲ. ಶನಿವಾರ ಮತ್ತು ಭಾನುವಾರದ ನಡುವೆ ಓಡಿಸುವವರು ಬದಲಾಗಲಿಲ್ಲ, ಫ್ಲೂಯಿಡ್ ಬದಲಾಗಲಿಲ್ಲ. ಬದಲಾಗಿದ್ದು ಒಂದೇ, ಕಾರು ಟ್ರ್ಯಾಕ್‌ಗೆ ಬಂದ ದಾರಿ. ನಾನು ಮೋಹನ್ ಜೊತೆ ಜಗಳವನ್ನೇ ಆಡಿ ಒಂದು ಅವಕಾಶ ಕೇಳಿಕೊಂಡೆ: ವಾರದ ನಡುವೆ, ಟ್ರ್ಯಾಕ್ ಖಾಲಿಯಿರುವ ಒಂದು ಬೆಳಿಗ್ಗೆ. "ದೋಷ ತೋರಿಸದಿದ್ರೆ ನಾನೇ ಅವರಿಗೆ ಈ ಕಾರು ಮಾರಿಬಿಡಿ ಅಂತ ಹೇಳ್ತೀನಿ," ಎಂದೆ. ಒಪ್ಪಿದರು.

ಆ ದಿನ ಕಲ್ಯಕ್ಕೆ ಹೋಗಿ ರಂಗಸ್ವಾಮಣ್ಣನ ಪಕ್ಕದ ಸೀಟಿನಲ್ಲಿ ಕೂತೆ. "ನೀವು ಟ್ರ್ಯಾಕ್‌ಗೆ ಯಾವಾಗ್ಲೂ ಹೆಂಗೆ ಹೋಗ್ತೀರೋ ಹಂಗೇ ಹೋಗಿ," ಎಂದೆ.

ಊರು ದಾಟಿದ ಕೂಡಲೇ ರಸ್ತೆಯ ಎಡ ಅರ್ಧಕ್ಕೆ ಹುರುಳಿ ಬಳ್ಳಿ ಹರಡಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಇದು ಮಾಮೂಲು. ಕಣದಲ್ಲಿ ಎತ್ತು ಕಟ್ಟಿ ತುಳಿಸುವ ಬದಲು, ಹೋಗಿಬರುವ ಬಸ್ಸು ಲಾರಿಗಳ ಚಕ್ರದಿಂದಲೇ ಒಕ್ಕಣೆ. ಪೇಟೆಯವರು ಬೈದುಕೊಂಡು ಬಲಕ್ಕೆ ತಪ್ಪಿಸಿಕೊಂಡು ಹೋಗುತ್ತಾರೆ. ರಂಗಸ್ವಾಮಣ್ಣ ನಿಧಾನ ಮಾಡಿ, ಎಡಗಡೆಯ ಎರಡೂ ಚಕ್ರಗಳನ್ನು ನಾಜೂಕಾಗಿ ಹುರುಳಿಯ ಮೇಲೆ ಹತ್ತಿಸಿದರು. ನೆಲಕ್ಕೆ ಅಂಟಿದಂತಿದ್ದ ಕಾರಿನ ಹೊಟ್ಟೆಗೆ ಬಳ್ಳಿ ಉಜ್ಜುವ ಸದ್ದು ಕೇಳಿಸಿತು. ಪೊರಕೆ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಕೈ ಅಡ್ಡ ಹಿಡಿದಳು.

"ರಂಗಸ್ವಾಮಿ, ಇನ್ನೊಂದ್ ಕಿತ ಹತ್ಸಪ್ಪ. ತುದೀಲಿ ಒಸಿ ಕಾಯಿ ಒಡ್ದಿಲ್ಲ."

ನನ್ನ ಕಣ್ಣೆದುರಿಗೇ ಆ ಹಳದಿ ಸ್ಪೋರ್ಟ್ಸ್ ಕಾರು ರಿವರ್ಸ್ ಹೋಗಿ, ಮತ್ತೆ ಮುಂದೆ ಬಂದು, ಅಜ್ಜಿಯ ಹುರುಳಿ ಒಕ್ಕಿತು.

"ಸುತ್ತಾಕೊಂಡ್ ಹೋಗ್ಬೋದಲ್ಲ ರಂಗಸ್ವಾಮಣ್ಣ?"

"ಊರಲ್ಲಿದ್ಕೊಂಡು ಇನ್ನೊಬ್ರ ಒಕ್ಕಣೆ ತಪ್ಪಿಸ್ಕೊಂಡು ಹೋದ್ರೆ ಏನಂತಾರೆ? ಕಾರು ಬಂದಿದ್ಕೆ ಸೊಕ್ಕು ಬಂತು ಅಂತಾರೆ," ಎಂದರು. ಟ್ರ್ಯಾಕ್ ಸೇರುವಷ್ಟರಲ್ಲಿ ಇಂಥ ಮೂರು ಒಕ್ಕಣೆ ದಾಟಿದೆವು. ಒಂದನ್ನೂ ಅವರು ಬಿಡಲಿಲ್ಲ.

ಟ್ರ್ಯಾಕ್‌ನಲ್ಲಿ ಮೋಹನ್ ಕಾಯುತ್ತಿದ್ದರು. ಕಾರನ್ನು ಓಡಿಸಲು ಬಿಡದೆ ಮೊದಲು ಜಾಕ್ ಮೇಲೆ ಎತ್ತಿಸಿದೆ. ಈ ಕಾರಿನ ಹೊಟ್ಟೆಯ ಕೆಳಗೆ, ಮುಂದಿನ ಚಕ್ರಗಳ ಮುಂದುಗಡೆ, ಒಂದೊಂದು ಬಾಯಿಯಿದೆ. ಓಡುವಾಗ ಅಲ್ಲಿಂದ ನುಗ್ಗುವ ಗಾಳಿ ಒಂದು ಬಾಗಿದ ಕೊಳವೆಯ ಮೂಲಕ ಡಿಸ್ಕಿಗೆ ಬಡಿದು ತಂಪು ಮಾಡುತ್ತದೆ. ಇದೇ ಬ್ರೇಕ್ ಡಕ್ಟ್. ಎಡಗಡೆಯ ಡಕ್ಟ್ ಬಿಚ್ಚಿ ಬಾಗಿದ ಜಾಗಕ್ಕೆ ಕೈ ಹಾಕಿದೆ. ಹಿಡಿ ತುಂಬಾ ಹುರುಳಿ ಬಳ್ಳಿ, ಸಿಪ್ಪೆ ಬಂತು. ಇನ್ನೊಂದು ಹಿಡಿ. ಮತ್ತೊಂದು. ಬಲಗಡೆಯ ಡಕ್ಟ್ ಖಾಲಿ.

ಮೋಹನ್ ಸುಮ್ಮನಾಗುವವರಲ್ಲ. "ಇದು ಇವತ್ತಿನದು. ಅವತ್ತೂ ಇತ್ತು ಅನ್ನೋಕೆ ಏನು ಗ್ಯಾರಂಟಿ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಕೊಳವೆಯನ್ನು ತಲೆಕೆಳಗು ಮಾಡಿ ಅವರ ಅಂಗೈ ಮೇಲೆ ಕೊಡವಿದೆ. ಚಕ್ರದ ಕಡೆಯ ಸಂದಿಯಿಂದ ಕಪ್ಪಗೆ ಹುರಿದುಹೋದ ಏಳೆಂಟು ಕಾಳು ಉದುರಿದವು. ನೀವು ತೊಳೆಸಿದಾಗ ಬಾಯಿಯ ಕಡೆಯ ಬಳ್ಳಿ ಕೊಚ್ಚಿಹೋಗಿದೆ, ನೀರು ಇಲ್ಲಿಯವರೆಗೆ ಬಂದಿಲ್ಲ ಎಂದೆ. ಅವರು ಕಾಳನ್ನು ಮೂಸಿ ನೋಡಿದರು.

"ಹೊಟ್ಟೆ ಹಸ್ದೈತಾ ಸ್ವಾಮಿ?" ಎಂದರು ರಂಗಸ್ವಾಮಣ್ಣ.

ಡಕ್ಟ್ ಸ್ವಚ್ಛ ಮಾಡಿ ಕೂರಿಸಿದ ಮೇಲೆ ಮೋಹನ್ ಅವರನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಹತ್ತು ಸುತ್ತು. ಉದ್ದನೆಯ ನೇರ ಓಟದ ಕೊನೆಯಲ್ಲಿ ಪ್ರತಿ ಸಲ ಕಾರು ಹೇಳಿದ ಜಾಗದಲ್ಲೇ ವೇಗ ತಗ್ಗಿಸಿತು. ಇಳಿದಾಗ ಮೋಹನ್ ಅವರ ಅಂಗಿ ಬೆನ್ನಿಗೆ ಅಂಟಿತ್ತು. "ಮ್ಯಾನೇಜರ್ ಸಾಯೇಬ್ರು ನನ್ಗಿಂತ ಜಾಸ್ತಿ ಬ್ರೇಕ್ ತುಳಿದ್ರು, ಆ ಕಡೆ ಪೆಡಲ್ ಇಲ್ದಿದ್ರೂವೆ," ಎಂದರು ರಂಗಸ್ವಾಮಣ್ಣ.

ಇನ್ನು ಮುಂದೆ ಆ ರಸ್ತೆಯಲ್ಲಿ ಬರಬೇಡಿ ಎಂದರು ಮೋಹನ್. ರಂಗಸ್ವಾಮಣ್ಣ ಕೇಳಲಿಲ್ಲ. ನಾನೂ ಅವರನ್ನು ಸುಮ್ಮನೆ ಬಿಡಲಿಲ್ಲ. ಟ್ರ್ಯಾಕ್‌ನಿಂದ ಕಾದ ಬ್ರೇಕ್ ಹೊತ್ತು ಒಣ ಹುರುಳಿಯ ಮೇಲೆ ಹತ್ತಿಸಿದರೆ ಕಾರೂ ಉರಿಯುತ್ತದೆ, ಅಜ್ಜಿಯ ವರ್ಷದ ಬೆಳೆಯೂ ಉರಿಯುತ್ತದೆ. ರಸ್ತೆಯಲ್ಲಿ ಒಕ್ಕಣೆ ಮಾಡುವುದೇ ಕಾನೂನಿಗೆ ವಿರುದ್ಧ ಎಂದು ಜೋರಾಗಿಯೇ ಬೈದೆ. ಕೊನೆಗೆ ಒಪ್ಪಂದವಾಯಿತು. ರಸ್ತೆಗೆಂದು ಎರಡೂ ಡಕ್ಟ್‌ಗಳಿಗೆ ನಾನು ಅಲ್ಯುಮಿನಿಯಂ ಮುಚ್ಚಳ ಮಾಡಿಕೊಡುವುದು, ಟ್ರ್ಯಾಕ್‌ಗೆ ಬಂದ ಮೇಲೆ ತೆಗೆದು ಹೊಟ್ಟೆಯ ಕೆಳಗೆಲ್ಲ ನೋಡುವುದು, ವಾಪಸ್ಸು ಹೋಗುವಾಗ ಯಾವ ಅಜ್ಜಿ ಕರೆದರೂ ಹತ್ತಿಸಕೂಡದು. "ಕುದುರೆಗೆ ಹುರುಳಿ ಹಾಕ್ಬ್ಯಾಡ ಅಂದ ಮೊದಲ್ನೇ ಹೆಂಗ್ಸು ನೀನೇ ಕಣವ್ವ," ಎಂದು ಗೊಣಗಿಕೊಂಡೇ ಒಪ್ಪಿದರು.

ಉಳಿದಿದ್ದು ರಿಪೋರ್ಟು. 'ಡ್ರೈವರ್ ಹ್ಯಾಬಿಟ್' ಎಂಬ ಸಾಲನ್ನು ಹೊಡೆದುಹಾಕಿ ಸಹಿ ಮಾಡುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತೆ. ಮೋಹನ್ ಹೊಡೆದುಹಾಕಿದರು. ಅದರ ಜಾಗದಲ್ಲಿ 'ಹೊರಗಿನ ವಸ್ತುವಿನಿಂದ ಡಕ್ಟ್ ಮುಚ್ಚಿತ್ತು' ಎಂದು ಬರೆದು ಓದಿ ಹೇಳಿದರು.

"ಯಾವ್ದು ಹೊರಗಿಂದು?" ಎಂದು ರಂಗಸ್ವಾಮಣ್ಣ ಟವೆಲ್ಲು ಕೊಡವಿ ಎದ್ದು ನಿಂತರು. "ಹುರುಳಿ ನಮ್ಮೂರ್ದು ಕಣಪ್ಪ. ರೋಡೂ ನಮ್ಮೂರ್ದು. ಹೊರಗಿಂದ ಬಂದಿದ್ದು ನಿಮ್ ಕಾರು. ಹುರುಳಿ ಅಂತ್ಲೇ ಬರಿ."

ಮೋಹನ್ ನನ್ನ ಮುಖ ನೋಡಿದರು. "ಬರೀರಿ ಸರ್," ಎಂದೆ. ಬರೆದರು.

ರಂಗಸ್ವಾಮಣ್ಣ ಇವತ್ತಿಗೂ ಓಡಿಸುತ್ತಾರೆ, ಪೆಡಲ್ ಒಮ್ಮೆಯೂ ಇಳಿದಿಲ್ಲ. ಕಸುಬು ನನಗೆ ಕಲಿಸಿದ್ದು ಇಷ್ಟು: ಗಾಡಿಯನ್ನು ತಯಾರಿಸಿದವರು ನೆನೆಸಿಕೊಂಡ ರಸ್ತೆ ಬೇರೆ, ನಮ್ಮ ಜನ ಅದನ್ನು ಓಡಿಸುವ ರಸ್ತೆ ಬೇರೆ; ಆ ಅಂತರವನ್ನು ಓಡಿಸುವವರ ತಲೆಗೆ ಕಟ್ಟಲು ನಾನು ಬಿಡುವುದಿಲ್ಲ. ಈಗ ಬ್ರೇಕ್ ದೂರು ಹೊತ್ತು ಯಾರೇ ಬಂದರೂ ನಾನು ಅವರ ಕಾಲು ನೋಡುವುದಿಲ್ಲ. "ಯಾವ ದಾರೀಲಿ ಬಂದ್ರಿ?" ಎಂದು ಮೊದಲು ಕೇಳುತ್ತೇನೆ.