ಯಂತ್ರದಡಿಯ ಒಣಹುಲ್ಲು

ಮಧುಗಿರಿಯ ನಮ್ಮ ಮನೆಯಂಗಳದಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಮಗುಚಿ, ಅದರ ಅಡಿಭಾಗಕ್ಕೆ ಅಂಟಿದ್ದ ಒಣಹುಲ್ಲನ್ನು ಕೆರೆಯುತ್ತಿದ್ದ ಮೆಕ್ಯಾನಿಕ್ ಗೊಣಗಿದರು:

"ಏನಕ್ಕಾ ಇದು! ಮೇಷ್ಟ್ರು ಕಟ್ ಮಾಡಿದ್ ದಿನಾನೇ ಕೆರೆದಿಡೋರು. ಯಾವತ್ತೂ ಇಂಗೆ ಬುಟ್ಟೋರಲ್ಲ."

"ಆವತ್ತು ಅವರಿಗೆ ಅರ್ಧಕ್ಕೇ ಎದೆನೋವು ಬಂತಪ್ಪ," ಎಂದೆ. ಮೇಷ್ಟ್ರಾಗಿದ್ದ ನನ್ನ ಯಜಮಾನರು ತೀರಿಕೊಳ್ಳುವ ಮುನ್ನ ಕತ್ತರಿಸಿದ ಕೊನೆಯ ಹುಲ್ಲು ಅದು. ಕೆರೆಯದೆ ಯಂತ್ರ ಓಡದು. ಎಸೆಯಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಅವರು ಕೆರೆಯುವುದನ್ನು ನಿಲ್ಲಿಸಿದರು. ಉಳಿದದ್ದನ್ನು ಮೆಲ್ಲಗೆ ಬಿಡಿಸಿ, ನೆಲಕ್ಕೆ ಬಿದ್ದದ್ದನ್ನೂ ಆಯ್ದು, ಪೇಪರಿನಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಬ್ಲೇಡ್ ಮಸೆದು ಕೂರಿಸಿ, "ಎರಡಿಂಚು ಎತ್ತರಕ್ಕೆ ಇಟ್ಟಿದೀನಿ ಕಣಕ್ಕಾ. ಬುಡಮಟ್ಟ ಕತ್ತರಿಸ್ಬುಟ್ರೆ ಈ ಬಿಸಿಲಿಗೆ ಒಣಗೋಯ್ತದೆ," ಎಂದರು.

ಈಗ ನಾನೇ ಕತ್ತರಿಸುತ್ತೇನೆ, ಅಡಿ ಕೆರೆದೇ ಒಳಗಿಡುತ್ತೇನೆ. ಕೇಳಲಾಗದ್ದನ್ನು ಕೇಳದೆಯೇ ಕೊಟ್ಟವರಿಗೆ ಅಂದು ಒಂದು ಲೋಟ ಕಾಫಿಯನ್ನೂ ಕೊಡಲು ತೋಚಲಿಲ್ಲ. ಇಲ್ಲಿಂದಲೇ ಕೈ ಮುಗಿಯುತ್ತೇನೆ.